ನೀಲಿ ಪಟ್ಟಿ

ಭಾದ್ರಪದ ಮುಗಿಯುತ್ತ ಬಂದಿತ್ತು. ಹೊತ್ತು ಹನ್ನೊಂದೂವರೆ ಇರಬೇಕು. ಮಳೆಗಾಲದ ತೇವಕ್ಕೆ ನನ್ನ ಡೋಲಕಿನ ಚರ್ಮ ಸಡಿಲಾಗಿ, ಅದನ್ನು ಬಿಗಿಯುತ್ತ ಕೂತಿದ್ದೆ. ಜಮ್ಮಿಕುಂಟದ ರೈಲ್ವೆ ಗೇಟಿನ ಬಳಿ ಬೀಜದಂಗಡಿಯ ಮಹಡಿಯಲ್ಲಿ ಸಂಪತ್‌ನ ರೆಕಾರ್ಡಿಂಗ್ ಕೋಣೆ. ಗಾಜಿನ ಆಚೆ ಕೊಮುರವ್ವ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದಸರೆಯ ಮುಂಚಿನ ಬತುಕಮ್ಮ ಹಬ್ಬದ ಹಾಡಿಗೆ ಕೋರಸ್ ಹೇಳುತ್ತಿದ್ದಳು. ಅವಳೊಬ್ಬಳ ದನಿಯನ್ನೇ ನಾಲ್ಕು ಸಲ ಹಿಡಿದು ಸಂಪತ್ ನಾಲ್ಕು ಹೆಂಗಸರನ್ನು ಮಾಡುತ್ತಿದ್ದ.

ಫೋನು ಬಂದದ್ದು ಸಂಪತ್‌ಗೆ. ಕೊಮುರವ್ವನ ಒಬ್ಬನೇ ಮಗ ರಾಜಲಿಂಗು ಓಡಿಸುತ್ತಿದ್ದ ಲಾರಿ ಸುಲ್ತಾನಾಬಾದ್ ತಿರುವಿನಲ್ಲಿ ಮಗುಚಿತ್ತು. ಹುಡುಗ ಅಲ್ಲೇ ತೀರಿಹೋಗಿದ್ದ.

"ಮಾಮಾ, ನೀನೇ ಹೋಗಿ ಹೇಳು," ಎಂದ ಸಂಪತ್. "ನಿನ್ನನ್ನ ಅಣ್ಣಾ ಅಂತಾಳೆ. ಹೊರಗೆ ಮಾತ್ರ ಕರೀಬೇಡ, ಮೆಟ್ಟಿಲ ಮೇಲೆ ಬಿದ್ದುಬಿಟ್ಟಾಳು. ಅಲ್ಲೇ, ಮೈಕಿನ ಹತ್ರಾನೇ ಹೇಳು."

ಹೋದೆ, ಹೇಳಿದೆ. ಅವಳು ಮೈಕಿನ ಕಬ್ಬಿಣದ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ಹಣೆಯನ್ನು ಅದಕ್ಕೇ ಮೂರು ಸಲ ಚಚ್ಚಿಕೊಂಡಳು. ಅಳು ಬಂದದ್ದು ಆಮೇಲೆ. ಅವಳನ್ನು ಹಿಡಿದುಕೊಂಡೇ ತಲೆಯೆತ್ತಿದರೆ ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಿತ್ತು. ಅಂದರೆ ರೆಕಾರ್ಡಿಂಗ್ ನಡೆದೇ ಇತ್ತು. ಸಂಪತ್ ಕೈಕಟ್ಟಿಕೊಂಡು ಪರದೆ ನೋಡುತ್ತ ಕೂತಿದ್ದ. ನಿಲ್ಲಿಸು ಎಂದು ನಾನು ಸನ್ನೆ ಮಾಡಲಿಲ್ಲ. ಹನ್ನೊಂದು ನಿಮಿಷ ಆ ದೀಪ ಉರಿಯಿತು.

ಬತುಕಮ್ಮ ಕಳೆದ ಮೇಲೆ ಆ ಕೋಣೆಗೆ ಬರುವುದೆಲ್ಲ ಸತ್ತವರ ಹಾಡು. ಹತ್ತನೆಯ ದಿನ ಶಾಮಿಯಾನದ ಕೆಳಗೆ, ಹಾರ ಹಾಕಿದ ಫ್ಲೆಕ್ಸಿನ ಪಕ್ಕದಲ್ಲಿ ಕೇಳಿಸಲು ಎಲ್ಲರಿಗೂ ಒಂದು ಹಾಡು ಬೇಕು. ಸತ್ತವರ ಹೆಸರು, ಊರು, ಮಕ್ಕಳ ಹೆಸರು ಕಳಿಸುತ್ತಾರೆ. ಪ್ರತಿ ಹಾಡನ್ನೂ ಮೊದಲಿನಿಂದ ಕಟ್ಟುವ ಪುರುಸೊತ್ತಿಲ್ಲದೆ ಸಂಪತ್ ಕಂಪ್ಯೂಟರಿನಲ್ಲಿ ಒಂದು ಟೆಂಪ್ಲೇಟು ಮಾಡಿಟ್ಟಿದ್ದ. ಅಚ್ಚು ಎನ್ನುತ್ತಿದ್ದ ಅದನ್ನು. ತೆರೆದರೆ ಪರದೆಯ ಮೇಲೆ ಪಟ್ಟಿಗಳು ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಹಳದಿಯದು ನನ್ನ ಡೋಲಕು, ಹಸಿರಿನದು ಕೊಳಲು. ಹಾಡುವವನಿಗೊಂದು, ಕೋರಸಿಗೊಂದು ಖಾಲಿ ಪಟ್ಟಿ. ದನಿ ಎಷ್ಟು ಏರಬೇಕು, ಎಷ್ಟು ಮೊಳಗಬೇಕು ಎನ್ನುವುದೂ ಮೊದಲೇ ಹೊಂದಿಸಿದ್ದು. ಹೆಸರುಗಳನ್ನು ಹಾಡಿಸಿ, ತಿರುವುಗಳಲ್ಲಿ ನಾನು ನಾಲ್ಕು ಪೆಟ್ಟು ಹೊಸದಾಗಿ ಕೊಟ್ಟರೆ ಊಟದ ಹೊತ್ತಿಗೆ ಹಾಡು ಸಿದ್ಧ. ನಾನು ಓದಿದ್ದು ಎರಡನೇ ಕ್ಲಾಸು, ಪಟ್ಟಿಗಳನ್ನು ಬಣ್ಣದಲ್ಲೇ ಗುರುತು ಹಿಡಿಯುತ್ತಿದ್ದೆ. ಆ ದಸರೆಯ ನಂತರ ಅಚ್ಚು ತೆರೆದಾಗ ಎಲ್ಲಕ್ಕಿಂತ ಕೆಳಗೆ ಹೊಸದಾಗಿ ಒಂದು ನೀಲಿ ಪಟ್ಟಿ ಇತ್ತು.

"ಹೆದರಬೇಡ ಮಾಮಾ, ನಿನ್ನ ದನಿ ಕತ್ತರಿಸಿದ್ದೀನಿ," ಎಂದ ಸಂಪತ್, ನಾನು ಕೇಳುವ ಮೊದಲೇ. "ಹುಡುಗನ ಹೆಸರೂ ತೆಗೆದಿದ್ದೀನಿ. ಈಗ ಬರೀ ಅಳು. ಹೈದರಾಬಾದಲ್ಲಿ ಹುಡುಕಿದ್ರೂ ಇಂಥದ್ದು ಸಿಗಲ್ಲ."

ಕೊಮುರವ್ವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಬಂದಳು. ಮೊದಲನೆಯ ಹಾಡಿನಲ್ಲಿ ಹೆಡ್‌ಫೋನ್ ಸರಿಸಿ ನನ್ನನ್ನು ಕೇಳಿದಳು, "ಯಾರು ಐಲನ್ನಾ ಈ ತಾಯಿ? ಹೊಟ್ಟೆ ಕಿವುಚೋ ಹಾಗೆ ಅಳ್ತಾಳಲ್ಲ!"

"ಯಾರೋ ಹಳ್ಳಿ ಕಡೆಯವಳು," ಎಂದೆ.

"ಚೆನ್ನಾಗಿದೆಯಾ ಅತ್ತೇ?" ಎಂದ ಸಂಪತ್.

"ಪಾಪ, ಚೆನ್ನಾಗೇ ಅಳ್ತಾಳೆ."

ಮೂರನೆಯ ಹಾಡಿಗೆ ಗೊತ್ತಾಯಿತು. ಕಬ್ಬಿಣದ ಆ ಮೂರು ಪೆಟ್ಟನ್ನು ಸಂಪತ್ ತೆಗೆದಿರಲಿಲ್ಲ, ಡೋಲಕಿಗೆ ಹೊಂದುತ್ತದೆ ಎಂದು ಬಿಟ್ಟುಕೊಂಡಿದ್ದ. ಪೆಟ್ಟು ಕೇಳಿದ್ದೇ ಅವಳ ಕೈ ಹಣೆಯ ಕಲೆಗೆ ಹೋಯಿತು. ಹೆಡ್‌ಫೋನ್ ತೆಗೆದು ಜೋಪಾನವಾಗಿ ಮೊಳೆಗೆ ನೇತುಹಾಕಿ ಈಚೆ ಬಂದಳು.

"ಸಂಪತ್, ನನ್ನಪ್ಪಾ, ಅದು ನಾನು ನನ್ನ ಮಗನಿಗೆ ಅತ್ತಿದ್ದು. ಊರೋರಿಗೆಲ್ಲ ಯಾಕೆ ಹಾಕ್ತೀ? ತೆಗೆದುಬಿಡು."

"ಅಷ್ಟೇನಾ? ಬಾ ಅತ್ತೇ, ನಿನ್ನ ಕಣ್ಣೆದುರೇ ತೆಗೀತೀನಿ."

ಒತ್ತಿದ. ನೀಲಿ ಪಟ್ಟಿ ಹೋಯಿತು. ಅವಳು ಅವನಿಗೆ ಕೈಮುಗಿದಳು.

ಮರುದಿನ ಅಚ್ಚು ತೆರೆದರೆ ನೀಲಿ ಪಟ್ಟಿ ಅಲ್ಲೇ ಇತ್ತು.

"ತೆಗೆದಿದ್ದು ಆ ಹಾಡಿಂದ ಮಾಮಾ. ಅಚ್ಚಿಗೆ ಯಾರು ಕೈ ಹಾಕಿದ್ರು?" ಎಂದು ನಕ್ಕ. ಆಮೇಲೆ ಅಚ್ಚಿಗೂ ಕೈ ಹಾಕಿದ, ಬೇರೆ ಕಾರಣಕ್ಕೆ. ಅಳು ಕೊಮುರವ್ವನ ಹೆಡ್‌ಫೋನಿಗೆ ಮಾತ್ರ ಹೋಗದ ಹಾಗೆ ಹೊಂದಿಸಿ ಉಳಿಸಿಟ್ಟ. ಅಲ್ಲಿಂದ ಮುಂದೆ ಯಾವ ಹಾಡು ತೆರೆದರೂ ಅಳು ಎಲ್ಲರಿಗೂ ಕೇಳುತ್ತಿತ್ತು, ಅವಳಿಗೆ ಕೇಳುತ್ತಿರಲಿಲ್ಲ. ಅವಳ ಹತ್ತಿರ ಇದ್ದದ್ದು ಬಟನ್ನಿನ ಫೋನು. ಮುಗಿದ ಹಾಡುಗಳು ಬೇರೆ ಊರುಗಳಿಗೆ ಹೋಗುತ್ತಿದ್ದವು. ಹೇಳಬೇಕೆಂದು ಎರಡು ಸಲ ಅವಳ ಜೊತೆ ಮೆಟ್ಟಿಲಿಳಿದೆ. ಎರಡು ಸಲವೂ ಬಿಸಿಲಿನ ಮಾತಾಡಿ ಬಂದೆ. ನನ್ನ ಡೋಲಕನ್ನು ಕರೆಯುವವನು ಅವನೊಬ್ಬನೇ ಉಳಿದಿದ್ದ.

ವರ್ಷ ತುಂಬಿತು. ರಾಜಲಿಂಗುವಿಗೂ ಒಂದು ಹಾಡು ಮಾಡಿಕೊಡು ಎಂದು ಅವಳು ಕೇಳಿದಳು. ಸಂಪತ್ ಕೂಡಲೇ ಒಪ್ಪಿದ. ಅವಳು ಕೋರಸ್ ಹೇಳಿ ಹೋದ ಮೇಲೆ ನಾನೆಂದೆ, "ಇದರಲ್ಲಾದ್ರೂ ನೀಲಿ ಬೇಡ ಸಂಪತ್."

"ಇವನಿಗಲ್ಲದೆ ಇನ್ಯಾರಿಗೆ ಮಾಮಾ? ಅಸಲಿ ವಾರಸುದಾರ ಇವನೇ."

ನಾನು ಡೋಲಕು ಎತ್ತಿಕೊಂಡೆ.

ಸೋಮವಾರ ಅವರ ಓಣಿಯಲ್ಲಿ ಶಾಮಿಯಾನ ಹಾಕಿದ್ದರು. ಮುತ್ತುಗದ ಎಲೆಗಳ ಮೇಲೆ ಮಸಾಲೆ ಹಾಕಿದ ಬಗಾರ ಅನ್ನ ಬಿದ್ದಿತ್ತು. ಕೊಮುರವ್ವ ತಾನೇ ಮಾಂಸದ ಸಾರು ಬಡಿಸುತ್ತಿದ್ದಳು. ಹಾಡು ಶುರುವಾಯಿತು. ಎರಡನೆಯ ನುಡಿ ಮುಗಿದದ್ದೇ ಸ್ಪೀಕರ್ ಪೆಟ್ಟಿಗೆಯಿಂದ ಮೂರು ಸಲ ಠಣ್ ಎಂದಿತು, ಹಿಂದೆಯೇ ಅಳು. ಅವಳ ಸೌಟು ಕೈಯಲ್ಲೇ ನಿಂತಿತು.

"ನಮ್ಮ ಹುಜೂರಾಬಾದ್ ಮಾವನ ಹಾಡಲ್ಲಿದ್ದ ಅಳೇ ಅಲ್ವೇನೇ ಇದು?" ಎಂದಳು ಅವಳ ನಾದಿನಿ ಲಚ್ಚವ್ವ.

"ವೀಣವಂಕದ ಮುದುಕಿ ಹಾಡಲ್ಲೂ ಇದೇ!" ಎಂದಳು ಪಕ್ಕದವಳು. "ಅಯ್ಯೋ, ಕೊಮುರವ್ವಂದೇ ದನಿ ಕಣೇ!"

"ಓಹೋ, ಮಗ ಸತ್ತ ಅಳೂ ಬಾಡಿಗೆಗೆ ಬಿಟ್ಟಿದ್ದಾಳೆ ಅನ್ನು."

"ಇವತ್ತು ಕಣ್ಣಲ್ಲಿ ಒಂದು ಹನಿ ಇದೆಯಾ ನೋಡು. ಎಲ್ಲಾ ಮಿಷನ್ನಿಗೆ ಕೊಟ್ಟಾಗಿದೆ."

ಬಾಯಲ್ಲಿ ಅನ್ನ ಇಟ್ಟುಕೊಂಡೇ ಯಾರೋ ನಕ್ಕರು. ಪೆಟ್ಟಿಗೆ ಅಳುತ್ತಲೇ ಇತ್ತು.

ಕೊಮುರವ್ವ ಸಂಪತ್ ಕೂತಲ್ಲಿಗೆ ಹೋಗಲಿಲ್ಲ. ಪಂಕ್ತಿಯ ಕೊನೆಯಲ್ಲಿದ್ದ ನನ್ನ ಮುಂದೆ ಬಂದು ನಿಂತಳು.

"ನಿಂಗೆ ಗೊತ್ತಿತ್ತಾ ಐಲನ್ನಾ?"

"ಗೊತ್ತಿತ್ತು."

"ಯಾವಾಗಿಂದ?"

"ಮೊದಲಿಂದ. ನಾನು ನಿಂಗೆ ಹೇಳುವಾಗಲೇ ಕೆಂಪು ದೀಪ ಉರೀತಿತ್ತು."

ಅವಳು ಸೌಟು ತುಂಬ ಸಾರು ತೆಗೆದು ನನ್ನ ಎಲೆಗೆ ಹಾಕಿದಳು. "ಉಣ್ಣು," ಎಂದಳು. ಉಂಡೆ.

ಗುರುವಾರ ಇನ್ನೊಂದು ಸಾವಿನ ಹಾಡು ಬಂತು. ರಾಜಲಿಂಗುವಿನ ಹಾಡಿಗೆ ಕೊಮುರವ್ವ ಹೇಳಿದ್ದ ಕೋರಸಿನಲ್ಲಿ ಹೆಸರು ಬಾರದ ಭಾಗವನ್ನು ಸಂಪತ್ ಕತ್ತರಿಸಿ, ಅಚ್ಚಿನಲ್ಲಿ ಕೋರಸಿಗಿದ್ದ ಖಾಲಿ ಪಟ್ಟಿಯಲ್ಲಿ ಅಂಟಿಸಿ ಉಳಿಸಿದ. "ಇನ್ನು ಅವಳು ಬರಬೇಕಾಗಿಯೂ ಇಲ್ಲ ಮಾಮಾ," ಎಂದ. ನಾನು ಡೋಲಕಿನ ಹಗ್ಗ ಬಿಗಿದು ನನ್ನ ನಾಲ್ಕು ಪೆಟ್ಟು ಕೊಟ್ಟೆ. ಕೊಮುರವ್ವ ಮಗನ ಫೋಟೋ ಒಂದನ್ನು ಸೆರಗಲ್ಲಿ ಸುತ್ತಿಕೊಂಡು ಮಂಚಿರ್ಯಾಲದ ತಂಗಿಯ ಮನೆಗೆ ಹೊರಟುಹೋದದ್ದು ಅದರ ಹಿಂದಿನ ದಿನ, ಬುಧವಾರ.