ಹದಿನೆಂಟು ಮಿಲಿಮೀಟರ್

ಪರೀಕ್ಷೆ ನಡೆಯುವಾಗ ವಿನ್ಯಾಸ ಮಾಡಿದವರು ಬಾಯಿ ಬಿಡಬಾರದು ಎಂಬುದು ನಮ್ಮ ಕಚೇರಿಯ ನಿಯಮ. ನನಗೆಂದೇ ಮಾಡಿದಂತಿತ್ತು. ಬೆಳಿಗ್ಗೆ ಊಟದ ಡಬ್ಬಿ ಕೈಗಿಡುವಾಗಲೂ ಅಮ್ಮ, “ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ, ನಿನ್ನ ಗತಿ ಏನೇ?” ಎಂದಿದ್ದಳು.

ಸರ್ವರ್ ಯಂತ್ರದೊಳಗಿನ ಫ್ಯಾನ್ ಕಳಚುವ ಕಿತ್ತಳೆ ಬಣ್ಣದ ಚಿಲಕ ನನ್ನದು. ಕೆಲಸಕ್ಕೆ ಸೇರಿದ ಮೇಲೆ ನಾನೊಬ್ಬಳೇ ಬರೆದ ಮೊದಲ ನಕ್ಷೆ. ಕಿತ್ತಳೆ ಎಂದರೆ ಯಂತ್ರ ಓಡುತ್ತಿರುವಾಗಲೇ ಕೈ ಹಾಕಬಹುದು ಎಂಬ ಗುರುತು. ಮೂವತ್ತು ಸೆಕೆಂಡಿನೊಳಗೆ ಹಳೆಯ ಫ್ಯಾನ್ ಹೊರಗೆ, ಹೊಸದು ಒಳಗೆ; ಅದೇ ಪರೀಕ್ಷೆ. ಇವತ್ತು ಪಾಸಾದರೆ ನಾಳೆ ಅಚ್ಚು ಕೊರೆಯುತ್ತಾರೆ. ಆಮೇಲೆ ಸಾವಿರಾರು ಯಂತ್ರಗಳಲ್ಲಿ ಅದೇ ಚಿಲಕ. ಮೂರು ದಿನದಿಂದ ನನಗೆ ನೆಟ್ಟಗೆ ನಿದ್ದೆಯಿಲ್ಲ.

ಪರೀಕ್ಷೆಗೆ ಬಂದವಳು ರಿಪೇರಿ ವಿಭಾಗದ ಅಕ್ಕ; ಬೋಲ್ಟು ತಿರುಗಿಸುವ ಪಾನಾ ಸದಾ ಕೈಯಲ್ಲಿರುವುದರಿಂದ ಎಲ್ಲರಿಗೂ ಪಾನಾ ಅಕ್ಕ.

“ಬೋಲ್ಟು ಒಂದೂ ಇಲ್ವಾ? ಹಾಗಾದ್ರೆ ನನ್ನ ಪಾನಾಗೆ ಪಿಂಚಣಿ ಕೊಟ್ಬಿಡಿ,” ಎಂದು ನಕ್ಕು, ರಿಪೇರಿಯವರಿಗೆ ಕಡ್ಡಾಯವಾದ ದಪ್ಪ ಗವಸು ಏರಿಸಿಕೊಂಡಳು.

“ಶುರು,” ಎಂದರು ನಮ್ಮ ವಿಭಾಗದ ಮುಖ್ಯಸ್ಥರಾದ ಸರ್, ಕೈಗಡಿಯಾರದ ಗುಂಡಿ ಒತ್ತಿ.

ಅಕ್ಕ ಯಂತ್ರವನ್ನು ರ್‍ಯಾಕಿನಿಂದ ಮೇಜಿನ ಡ್ರಾಯರಿನಂತೆ ಎಳೆದಳು. ಮುಚ್ಚಳ ಸರಿಸಿದ್ದೇ ತಡ, ಫ್ಯಾನುಗಳು ಭೋರ್ಗರೆದವು. ನಾನು ಎರಡೂ ಅಂಗೈ ತೊಡೆಯಡಿ ಒತ್ತಿಕೊಂಡು ಕೂತಿದ್ದೆ. ಕಾಲು ಮಾತ್ರ ತನ್ನಷ್ಟಕ್ಕೆ ಕುಣಿಯುತ್ತಿತ್ತು. ಗವಸಿನ ಹೆಬ್ಬೆರಳು ಚಿಲಕದ ಕುಳಿಗೆ ಇಳಿಯಲಿಲ್ಲ. ಮತ್ತೊಮ್ಮೆ ಒತ್ತಿದಳು. ಇಲ್ಲ. ಅಕ್ಕ ನನ್ನತ್ತ ಓರೆಗಣ್ಣು ಹಾಯಿಸಿ, ಹಲ್ಲಿನಿಂದ ಗವಸು ಕಚ್ಚಿ ಎಳೆದು, ಬರಿಗೈಯಲ್ಲಿ ಒತ್ತಿದಳು. ಟಕ್. ಹೊಸ ಫ್ಯಾನ್ ಕೂತಿತು, ಗವಸು ಕೈಗೆ ಮರಳಿತು. ಸರ್ ಕಣ್ಣು ಗಡಿಯಾರದಿಂದ ಮೇಲೇಳಲೇ ಇಲ್ಲ.

“ಇಪ್ಪತ್ತಾರು! ಭೇಷ್!” ಎಂದು ಅವರು ಪೆನ್ನಿನ ಮುಚ್ಚಳ ತೆಗೆದರು.

ಕಂಡೂ ಕಾಣದ ಹಾಗಿರು ಎಂಬಂತೆ ಅಕ್ಕ ಕಣ್ಣು ಮಿಟುಕಿಸಿದಳು. ಕುಳಿಯ ಅಗಲ ಹದಿನೆಂಟು ಮಿಲಿಮೀಟರ್. ಎಲ್ಲಿಂದ ಬಂತು? ನನ್ನದೇ ಹೆಬ್ಬೆರಳಿನಿಂದ. ಎಸಿ ಕೋಣೆಯಲ್ಲಿ, ಮೇಜಿನ ಮುಂದೆ ಕೂತು, ಬರಿಗೈಯಲ್ಲಿ ಅಳೆದಿದ್ದೆ. ಪೆನ್ನು ಕಾಗದ ಮುಟ್ಟುವುದರಲ್ಲಿತ್ತು.

“ಸರ್,” ಎಂದೆ. ಆ ಗದ್ದಲದಲ್ಲಿ ನನಗೇ ಕೇಳಲಿಲ್ಲ. “ಸರ್! ಅಕ್ಕ ಗವಸು ಬಿಚ್ಚಿದ್ರು.”

“ಅಯ್ಯೋ ಪೆದ್ದಿ! ಮೊದಲನೇ ಕೆಲಸ, ಹುಡುಗಿ ಪಾಸಾಗ್ಲಿ ಅಂತ ನಾನು ಬಿಚ್ಚಿದ್ರೆ...”

“ಎಲ್ಲರೂ ಬಿಚ್ಚೋಕೆ ಶುರು ಮಾಡಿದ್ರೆ ತಗಡು ಕೈ ಕೊಯ್ಯುತ್ತೆ, ಅಕ್ಕ.”

ಅವಳು ಗವಸಿನ ಅಂಚು ಸರಿಸಿ ನೋಡಿಕೊಂಡಳು. ಅವಳ ಮುಂಗೈ ಮೇಲೆ ಉದ್ದದ ಹಳೆಯ ಗಾಯದ ಗೆರೆಯಿತ್ತು.

ಗವಸಿನಲ್ಲೇ ಮತ್ತೊಮ್ಮೆ ಪರೀಕ್ಷೆಯಾಯಿತು. ಬೆರಳು ಮೂರು ಸಲ ಜಾರಿತು. ಐವತ್ತೊಂದು ಸೆಕೆಂಡು. ಸರ್ ನನ್ನ ನಕ್ಷೆಯ ಮೇಲೆ ಅಡ್ಡಗೆರೆ ಎಳೆದರು.

“ಅಚ್ಚಿನವರಿಗೆ ನೀನೇ ಫೋನ್ ಮಾಡಮ್ಮ. ನಾಳೆ ಬೇಡ ಅನ್ನು, ಹೊಸ ಅಳತೆನೂ ಹೇಳು,” ಎಂದು ಹೊರಟುಹೋದರು.

ಫೋನು! ಅದಕ್ಕಿಂತ ಅಡ್ಡಗೆರೆಯೇ ವಾಸಿ.

ಅಕ್ಕ ಸ್ಟೂಲು ಎಳೆದುಕೊಂಡು ಕೂತು, ಗವಸಿನ ಹೆಬ್ಬೆರಳನ್ನು ನನ್ನ ಮುಂದೆ ಚಾಚಿದಳು. ನಾನು ಕ್ಯಾಲಿಪರ್‌ನ ದವಡೆಗಳ ನಡುವೆ ಅದನ್ನು ಹಿಡಿದು ಅಳೆದೆ.

“ಎಷ್ಟು?”

“ಇಪ್ಪತ್ತೇಳು.”

“ಫೋನಲ್ಲಿ ಹೀಗೆ ಗೊಣಗಿದ್ರೆ ಅವರು ಹಳೇದನ್ನೇ ಕೊರೆದುಬಿಡ್ತಾರೆ, ತಂಗಿ. ಎಷ್ಟು?”

“ಇಪ್ಪತ್ತೇಳು!” ಎಂದೆ, ಫ್ಯಾನುಗಳಿಗಿಂತ ಜೋರಾಗಿ.