ನಲ್ಲಿಯ ಪಕ್ಕದ ಕುರ್ಚಿ

ಆ ಬೀದಿಯಲ್ಲಿ ಸಂಜೆಯಾದರೆ ಎಲ್ಲರ ಕಾಲೂ ಊದಿಕೊಳ್ಳುತ್ತದೆ. ಊದದೆ ಏನು ಮಾಡೀತು? ಬೀದಿಯ ಉದ್ದಕ್ಕೂ ಇಸ್ತ್ರಿ ಮಾಡುವವರ ಮನೆಗಳು. ಬೆಳಿಗ್ಗೆ ಪೆಟ್ಟಿಗೆಗೆ ಕೆಂಡ ತುಂಬಿ ಮೇಜಿನ ಮುಂದೆ ನಿಂತರೆ, ಕೆಂಡ ಬೂದಿಯಾಗುವವರೆಗೆ ಕೂರುವ ಹಾಗಿಲ್ಲ. ರಾತ್ರಿ ಕಾಲು ಚಾಚಿ ಮಲಗಿದರೆ ಬೆಳಿಗ್ಗೆಯ ಹೊತ್ತಿಗೆ ಊತ ಇಳಿದಿರುತ್ತದೆ. ಇದಕ್ಕೆ ಅವರೇ ಇಟ್ಟ ಹೆಸರು ‘ಇಸ್ತ್ರಿ ಕಾಲು’. ಯಾರಾದರೂ ಕಾಲು ನೋವು ಎಂದರೆ, ಇಸ್ತ್ರಿ ಕಾಲು ಬಿಡು ಎಂದು ಮುಂದಿನ ಅಂಗಿಗೆ ನೀರು ಚಿಮುಕಿಸುತ್ತಾರೆ.

ಈ ಬೀದಿಯ ಹಿರಿಯಳು ಕೆಂಡಮ್ಮ. ಅದು ಹೆತ್ತವರು ಇಟ್ಟ ಹೆಸರಲ್ಲ. ದಿನಾ ಎಲ್ಲರಿಗಿಂತ ಮೊದಲು ಇದ್ದಿಲು ಹೊತ್ತಿಸುವವಳು ಅವಳು. ಉಳಿದವರು ಅವಳ ಒಲೆಯಿಂದಲೇ ಕೆಂಡ ಒಯ್ಯುತ್ತಾರೆ. ಮಾತೂ ಸ್ವಲ್ಪ ಬಿಸಿಯೇ. ಗಂಡ ತೀರಿಕೊಂಡ ಮೇಲೆ ಅದೇ ಮೇಜಿನ ಮುಂದೆ ನಿಂತು ಮಗನನ್ನು ಬೆಳೆಸಿದಳು. ಈಗ ಮಗ ಲಾರಿ ಓಡಿಸುತ್ತ ಊರೂರು ಸುತ್ತುತ್ತಾನೆ. ಮನೆಯಲ್ಲಿರುವುದು ಅವಳು ಮತ್ತು ತುಂಬು ಬಸುರಿ ಸೊಸೆ. ಮೊದಲ ಬಸಿರು ಉಳಿದಿರಲಿಲ್ಲ. ಆಗ ಸೊಸೆ ಮೂಲೆ ಹಿಡಿದು ಕೂತಿದ್ದನ್ನು ನೋಡಿದ ಕೆಂಡಮ್ಮ, ಈ ಸಲ ಅವಳ ಕೈಗೆ ನೀರಿನ ಕೊಡವನ್ನೇ ಮುಟ್ಟಿಸಿರಲಿಲ್ಲ. ನಲ್ಲಿಗೆ ತಾನೇ ಹೋಗುತ್ತಿದ್ದಳು.

ಕುರ್ಚಿ ಇದ್ದದ್ದು ಆ ನಲ್ಲಿಯ ಪಕ್ಕದಲ್ಲೇ.

ಕುರ್ಚಿಯ ಕಥೆ ಸ್ವಲ್ಪ ಹೇಳಬೇಕು. ಹಿಂದೆ ಹೊರಗಿನ ಒಂದು ಸಂಸ್ಥೆಯವರು ವರ್ಷಕ್ಕೊಮ್ಮೆ ದೊಡ್ಡ ಬಸ್ಸು ಕಳಿಸುತ್ತಿದ್ದರು. ಒಳಗೆ ಡಾಕ್ಟರು, ನರ್ಸು, ಮಂಚ, ಔಷಧಿ, ಎಲ್ಲ ಇರುತ್ತಿತ್ತು. ಡಾಕ್ಟರಮ್ಮ ನಿಜಕ್ಕೂ ಒಳ್ಳೆಯವರು. ಆದರೆ ಬಸ್ಸು ಬರುತ್ತಿದ್ದದ್ದು ಬಿಸಿಲೇರಿದ ಮೇಲೆ, ಪೆಟ್ಟಿಗೆಗಳು ಚೆನ್ನಾಗಿ ಕಾದಿರುವ ಹೊತ್ತಿಗೆ. ಕಾದ ಪೆಟ್ಟಿಗೆ ಬಿಟ್ಟು ಯಾರು ಹೋಗುತ್ತಾರೆ? ಇದ್ದಿಲು ದಂಡ, ಸಂಜೆಗೆ ಬಟ್ಟೆ ಕೊಡದಿದ್ದರೆ ಗಿರಾಕಿಯ ಬೈಗುಳ ಬೇರೆ. ಬಸ್ಸು ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಹೋಗುತ್ತಿತ್ತು. ಕೊನೆಗೆ ಸಂಸ್ಥೆಯ ಒಬ್ಬ ಹೆಂಗಸು ಬೀದಿಗೆ ಬಂದು, ನೀವೇಕೆ ಬರುವುದಿಲ್ಲ ಎಂದು ಕೇಳಿದರು. ಬೀದಿಯ ಮಹಿಳಾ ಸಂಘದವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಮೇಲೆ ಸಂಸ್ಥೆ ಬಸ್ಸಿಗೆ ಹಾಕುತ್ತಿದ್ದ ದುಡ್ಡನ್ನು ಸಂಘಕ್ಕೇ ಕೊಡತೊಡಗಿತು. ಆ ದುಡ್ಡಿನಲ್ಲಿ ಸಂಘದ ಇಬ್ಬರು ಹೆಂಗಸರು ಸರಕಾರಿ ಆಸ್ಪತ್ರೆಯಲ್ಲಿ ತರಬೇತಿ ಪಡೆದರು. ಬಿಪಿ ನೋಡುವ ಮಶೀನು ಬಂತು. ಅವಸರಕ್ಕೆ ಆಟೋ ಬಾಡಿಗೆಯ ವ್ಯವಸ್ಥೆಯಾಯಿತು. ಮತ್ತೆ ಬಿಪಿ ನೋಡಿಸಿಕೊಳ್ಳಲು ಕೂರುವ ಈ ಕುರ್ಚಿ. ಅದನ್ನು ನಲ್ಲಿಯ ಪಕ್ಕದಲ್ಲಿ ಇಟ್ಟಿದ್ದೂ ಸಂಘದವರ ಲೆಕ್ಕಾಚಾರವೇ. ಪೆಟ್ಟಿಗೆಗೆ ಕೆಂಡ ತುಂಬುವ ಮೊದಲು ಬೀದಿಯವರೆಲ್ಲ ಕೊಡ ಹಿಡಿದು ಸುಮ್ಮನೆ ನಿಲ್ಲುವ ಜಾಗ ಅದೊಂದೇ.

ಎಲ್ಲರೂ ಕೂತರು. ಕೆಂಡಮ್ಮ ಮಾತ್ರ ಮೂಗು ಮುರಿದಳು.

ಅವಳಿಗೆ ಎರಡು ತಕರಾರು. ಒಂದು, ದುಡ್ಡು ನಮ್ಮವರ ಕೈಗೆ ಬಂದರೆ ಉಳಿಯುವುದಿಲ್ಲ. ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ? ಸಂಘದವರು ತಿಂಗಳ ಕೊನೆಗೆ ನಲ್ಲಿಯ ಹತ್ತಿರವೇ ನಿಂತು ಖರ್ಚನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. ಕೆಂಡಮ್ಮ ಆ ಹೊತ್ತಿಗೆ ಸರಿಯಾಗಿ ಕೊಡ ಹೊತ್ತು ಹೊರಟುಬಿಡುತ್ತಿದ್ದಳು. ಎರಡನೆಯದು ಇನ್ನೂ ದೊಡ್ಡದು. ತರಬೇತಿ ಪಡೆದು ಬಂದವರಲ್ಲಿ ಒಬ್ಬಳು ಎದುರುಮನೆಯವಳು. ಹಿಂದೆ ಕೆಂಡಮ್ಮನ ಕೈಕೆಳಗೆ ಇಸ್ತ್ರಿ ಕಲಿಯಲು ಬಂದು, ಮೊದಲ ವಾರವೇ ಯಾರದ್ದೋ ಮದುವೆಯ ಬಿಳಿ ಅಂಗಿಯ ಬೆನ್ನಿಗೆ ಪೆಟ್ಟಿಗೆಯ ಅಚ್ಚೊತ್ತಿದವಳು. ಅಂದಿನಿಂದ ಬೀದಿಗೆಲ್ಲ ಅವಳು ‘ಸುಟ್ಟಂಗಿ’.

“ಅಂಗಿ ಕೊಟ್ಟರೇ ಸುಟ್ಟವಳಿಗೆ ಕೈ ಕೊಡ್ಲಾ?” ಎಂದು ಕೆಂಡಮ್ಮ ಕುರ್ಚಿಯ ಮುಂದೆಯೇ ಹೇಳಿ ಎಲ್ಲರನ್ನೂ ನಗಿಸಿದ್ದಳು. ಸುಟ್ಟಂಗಿಯೂ ನಕ್ಕಿದ್ದಳು. ಸೊಸೆಯನ್ನು ಒಂದು ಸಲ ಕರೆತನ್ನಿ ಎಂದು ಅವಳು ಕೇಳಿದಾಗಲೆಲ್ಲ, ಬಸ್ಸನ್ನೇ ಮತ್ತೆ ಕರೆಸಿ, ಅದರ ಡಾಕ್ಟರಿಗೇ ತೋರಿಸ್ತೀನಿ ಎಂದು ಕೆಂಡಮ್ಮ ಬಾಯಿ ಮುಚ್ಚಿಸುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಒಂದು ಸಂಜೆ ಸೊಸೆ ಅಂಗಿ ಸುಟ್ಟಳು. ಪಟ್ಟೆ ಪಟ್ಟೆಯ ಅಂಗಿ, ಕಾಲರಿನ ಕೆಳಗೆ ಕಂದು ಕಲೆ. ಮದುವೆಯಾಗಿ ಬಂದಾಗಿನಿಂದ ಅವಳ ಕೈಯಲ್ಲಿ ಒಂದು ಕರವಸ್ತ್ರವೂ ಕೆಟ್ಟಿರಲಿಲ್ಲ. ಎದುರುಮನೆಯವಳ ಗಾಳಿ ಸೋಕಿತಾ ಎಂದು ಕೆಂಡಮ್ಮ ಗದರಿದಳು. ಸೊಸೆ ಒಳಗೆ ಹೋಗಿ ಮಲಗಿದಳು. ತಲೆನೋವು ಎಂದಳು. ಇದ್ದಿಲ ಹೊಗೆಯಿಂದ ಆ ಬೀದಿಯಲ್ಲಿ ಯಾರಿಗೆ ತಲೆನೋವಿಲ್ಲ?

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಕೆಂಡಮ್ಮ ಈ ಸುದ್ದಿಯನ್ನೇ ಹೇಳುತ್ತಿದ್ದಳು. ಬೇರೆಯವರು ನಕ್ಕರು. ಸುಟ್ಟಂಗಿ ನಗಲಿಲ್ಲ.

“ದೊಡ್ಡಮ್ಮ, ಅವಳ ಕಾಲು ಹೇಗಿದೆ?”

“ನಿನ್ನ ಕಾಲು ಹೇಗಿದೆಯೋ ಹಾಗೇ. ಇಸ್ತ್ರಿ ಕಾಲು.”

“ಸಂಜೆ ಊದೋದು ನಂಗೂ ಗೊತ್ತು. ಬೆಳಿಗ್ಗೆ ಎದ್ದಾಗ ಹೇಗಿರುತ್ತೆ? ಮುಖ, ಕೈ ಊದಿದೆಯಾ?”

ಕೆಂಡಮ್ಮ ಕೊಡ ಎತ್ತಿ ಸೊಂಟಕ್ಕೆ ಇಟ್ಟು ಹೊರಟಳು. ಅವಳಿಗೆ ಗೊತ್ತಿರಲಿಲ್ಲ. ನಸುಕಿನಲ್ಲಿ ಎದ್ದು ಒಲೆಯ ಮುಂದೆ ಕೂರುವವಳು ಸೊಸೆಯ ಮುಖವನ್ನು ಬೆಳಕಿನಲ್ಲಿ ನೋಡಿ ಎಷ್ಟು ದಿನವಾಗಿತ್ತೋ.

ಮನೆಗೆ ಬಂದು ಕೊಡ ಇಳಿಸಿದಳು. ಸೊಸೆ ಬಾಗಿಲ ಬಳಿ ಗೋಡೆ ಹಿಡಿದು ನಿಂತು ರಬ್ಬರಿನ ಚಪ್ಪಲಿಗೆ ಕಾಲು ತೂರಿಸಲು ನೋಡುತ್ತಿದ್ದಳು. ಕಾಲು ಹೋಗುತ್ತಿರಲಿಲ್ಲ. ರಾತ್ರಿಯೆಲ್ಲ ಮಲಗಿ ಎದ್ದ ಕಾಲು ಅದು. ಮುಖ ದಪ್ಪಗಾಗಿ ಕಣ್ಣು ಸಣ್ಣದಾಗಿತ್ತು. ಕೈಬೆರಳಿನ ಉಂಗುರ ಚರ್ಮದೊಳಗೆ ಹೂತ ಹಾಗಿತ್ತು.

“ತಲೆನೋವು ಹೋಯ್ತಾ?” ಎಂದು ಕೇಳಿದಳು ಕೆಂಡಮ್ಮ.

“ಇಲ್ಲ ಅತ್ತೆ. ನಿನ್ನೆ ಆ ಅಂಗಿಯ ಪಟ್ಟೆ ಎರಡೆರಡಾಗಿ ಕಾಣ್ತಿತ್ತು. ಯಾವುದರ ಮೇಲೆ ಪೆಟ್ಟಿಗೆ ಇಡ್ತಿದೀನಿ ಅಂತಾನೇ ಗೊತ್ತಾಗ್ಲಿಲ್ಲ. ಬೈತೀರಿ ಅಂತ ಹೇಳ್ಲಿಲ್ಲ.”

ಬಸ್ಸು ಎಲ್ಲಿತ್ತೋ ಯಾರಿಗೆ ಗೊತ್ತು. ಎದುರುಮನೆ ಎದುರಿಗೇ ಇತ್ತು. ಬಾಗಿಲಲ್ಲಿ ನಿಂತು ಕೆಂಡಮ್ಮ ಕರೆದಳು. ಆ ದಿನ ಸುಟ್ಟಂಗಿ ಎಂದು ಕರೆಯಲಿಲ್ಲ, ಮಗಳೇ ಎಂದು ಕರೆದಳು.

ಸುಟ್ಟಂಗಿ ಮಶೀನು ತಂದಳು. ಸೊಸೆಯನ್ನು ಗೋಡೆಗೆ ಒರಗಿಸಿ ಕೂರಿಸಿ, ಸ್ವಲ್ಪ ಹೊತ್ತು ಮಾತಾಡಿಸದೆ ಬಿಟ್ಟು, ಆಮೇಲೆ ತೋಳಿಗೆ ಪಟ್ಟಿ ಕಟ್ಟಿದಳು. ಒಂದು ಸಲ ನೋಡಿದಳು. ತಡೆದು ಇನ್ನೊಂದು ಸಲ ನೋಡಿದಳು.

“ಬಿಪಿ ತುಂಬಾ ಏರಿದೆ. ಇದು ನಾನು ಇಲ್ಲಿ ನೋಡಿಕೊಳ್ಳೋ ಕೆಲಸ ಅಲ್ಲ ದೊಡ್ಡಮ್ಮ, ಆಸ್ಪತ್ರೆದು. ಗಾಬರಿ ಬೇಡ, ತಡಾನೂ ಬೇಡ. ಈಗಲೇ ಹೊರಡಿ.”

ಒಲೆಯಲ್ಲಿ ಕೆಂಡ ಆಗಲೇ ಕೆಂಪಾಗಿತ್ತು. ಮೇಜಿನ ಮೇಲೆ ಸಂಜೆಗೆ ಕೊಡಬೇಕಾದ ಗಂಟು. ಮಗ ಎಲ್ಲೋ ರಸ್ತೆಯಲ್ಲಿದ್ದ. ಇಷ್ಟು ವರ್ಷ ಕೆಂಡ ಬಿಟ್ಟು ಹೋಗದ ಜೀವ ಕೆಂಡಮ್ಮನದು. ಅಂಥ ಹೊತ್ತಿನಲ್ಲೂ ಅವಳ ಕಣ್ಣು ಒಲೆಯ ಕಡೆ ಹೋಯಿತು. ಅದನ್ನು ಹೊರಗಿನವರು ಯಾರಾದರೂ ನೋಡಿದ್ದರೆ, ಎಂಥ ಕಲ್ಲು ಮನಸ್ಸಿನ ಅತ್ತೆ ಎನ್ನುತ್ತಿದ್ದರು. ಸುಟ್ಟಂಗಿ ಆ ಬೀದಿಯವಳು. ಅವಳಿಗೆ ಅರ್ಥವಾಯಿತು.

“ಕೆಂಡ ನಾವು ನೋಡ್ಕೋತೀವಿ,” ಎಂದಳು.

ಪಕ್ಕದ ಮನೆಯವರು ಬಂದು ಒಲೆಯ ಮುಂದೆ ಕೂತರು. ಇನ್ನಿಬ್ಬರು ಬಟ್ಟೆಯ ಗಂಟನ್ನು ತಮ್ಮ ಮೇಜಿಗೆ ಹಂಚಿಕೊಂಡರು. ಸಂಘದ ಆಟೋ ಬಾಗಿಲಿಗೆ ಬಂತು. ಬರುತ್ತಿದ್ದೇವೆ ಎಂದು ಸುಟ್ಟಂಗಿ ಆಸ್ಪತ್ರೆಗೆ ಫೋನು ಮಾಡಿ, ತಾನೂ ಆಟೋ ಹತ್ತಿದಳು. ದಾರಿಯುದ್ದಕ್ಕೂ ಕೆಂಡಮ್ಮ ಸೊಸೆಯ ಊದಿದ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು, ಬೈದಿದ್ದು ತಪ್ಪಾಯಿತು ಕಣೆ ಎಂದು ಹೇಳಿಕೊಳ್ಳುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಕೂಡಲೇ ಒಳಗೆ ಕರೆದುಕೊಂಡರು. ಇದು ಬಸುರಿಯರಿಗೆ ಬರುವ ಬಿಪಿ, ಬಿಟ್ಟರೆ ಫಿಟ್ಸ್ ಬರುತ್ತದೆ, ತಾಯಿ ಮಗು ಇಬ್ಬರಿಗೂ ಅಪಾಯ ಎಂದರು ಡಾಕ್ಟರು. ಇವತ್ತು ಬಂದಿದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ‘ಇವತ್ತು’ ಎನ್ನುವ ಮಾತು ಕೆಂಡಮ್ಮನ ಮನಸ್ಸಿನಲ್ಲಿ ಕೂತುಬಿಟ್ಟಿತು. ನಾಳೆ ಬಂದಿದ್ದರೆ ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಮಗು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಸಣ್ಣದು, ಆದರೆ ಅಳು ಮಾತ್ರ ಅಜ್ಜಿಯದೇ ಎಂದು ನರ್ಸುಗಳು ನಕ್ಕರು. ಸೊಸೆ ಚೇತರಿಸಿಕೊಳ್ಳಲು ದಿನಗಳೇ ಹಿಡಿದವು. ಇಬ್ಬರೂ ಮನೆಗೆ ಬಂದ ದಿನ ಬೀದಿಯವರೆಲ್ಲ ಕೆಲಸ ನಿಲ್ಲಿಸಿ ಬಾಗಿಲಿಗೆ ಬಂದರು. ಅಷ್ಟು ಪೆಟ್ಟಿಗೆಗಳು ಒಟ್ಟಿಗೆ ಆರಿದ್ದನ್ನು ಕೆಂಡಮ್ಮ ಅದೇ ಮೊದಲು ನೋಡಿದ್ದು.

ಕೆಲವು ವಾರಗಳ ಮೇಲೆ ಸಂಸ್ಥೆಯ ಆ ಹೆಂಗಸು ಮತ್ತೆ ಬಂದರು, ಬೆಳಿಗ್ಗೆ ನೀರು ಬರುವ ಹೊತ್ತಿಗೇ. ದುಡ್ಡು ಸಂಘಕ್ಕೇ ಕೊಡುತ್ತಿರೋಣವೋ, ಇಲ್ಲ ಮೊದಲಿನ ಹಾಗೆ ಬಸ್ಸು ಕಳಿಸೋಣವೋ ಎಂದು ಕೇಳಿದರು. ಎಲ್ಲರೂ ಕೆಂಡಮ್ಮನ ಮುಖ ನೋಡಿದರು. ಬಸ್ಸು ಬೇಕೆಂದು ಹಟ ಹಿಡಿದಿದ್ದವಳು ಅವಳೊಬ್ಬಳೇ ತಾನೆ.

ಕೆಂಡಮ್ಮ ಕೊಡ ಕೆಳಗಿಟ್ಟು, ಕುರ್ಚಿಯ ಪಕ್ಕ ನಿಂತಿದ್ದ ಸುಟ್ಟಂಗಿಯತ್ತ ಕೈ ತೋರಿಸಿದಳು.

“ಬಸ್ಸು ಬಂದರೆ ಬೇಡ ಅನ್ನಲ್ಲಮ್ಮ. ಡಾಕ್ಟರು ಬೇಕೇ ಬೇಕು. ಆದರೆ ಬಸ್ಸು ಸಂಜೆಗೆ ಹೊರಟುಹೋಗುತ್ತೆ. ಇವಳು ಎಲ್ಲಿಗೆ ಹೋಗ್ತಾಳೆ? ಎದುರುಮನೇಲೇ ಇರ್ತಾಳೆ. ನನ್ನ ಸೊಸೆಗೆ ಬೆಳಿಗ್ಗೆ ಮುಖ ಊದಿದೆಯಾ ಅಂತ ಕೇಳೋರು ಎದುರುಮನೇಲೇ ಬೇಕು. ದುಡ್ಡು ಇಲ್ಲೇ ಕೊಡಿ. ಖರ್ಚು ಓದೋ ದಿನ ನಾನೇ ಮುಂದೆ ನಿಂತು ಕೇಳ್ತೀನಿ, ಒಂದು ಪೈಸೆ ಆಚೀಚೆ ಆಗೋಕೆ ಬಿಡಲ್ಲ.”

ಹೀಗೆ ಹೇಳಿ ಅವಳು ಹೋಗಿ ಕುರ್ಚಿಯ ಮೇಲೆ ಕೂತಳು. ಸೆರಗು ಸರಿಸಿ ತೋಳು ಚಾಚಿದಳು.

“ನೋಡು. ಸುಡಬೇಡ ಕಣೆ,” ಎಂದಳು.

ಸುಟ್ಟಂಗಿ ಪಟ್ಟಿ ಕಟ್ಟಿದಳು. ಮಶೀನು ನೋಡಿ ಅವಳು ಹೇಳಿದಳು: “ನಿಮಗೂ ಸ್ವಲ್ಪ ಜಾಸ್ತಿ ಇದೆ ದೊಡ್ಡಮ್ಮ. ಆಸ್ಪತ್ರೆಗೆ ತೋರಿಸೋಣ. ಉಪ್ಪು ಕಡಿಮೆ ಮಾಡಿ. ಕೋಪಾನೂ.”

ಇದನ್ನು ಓದುತ್ತಿರುವ ಅಕ್ಕ, ಅಮ್ಮ, ಅಣ್ಣ, ನಿಮ್ಮ ಮನೆಯಲ್ಲಿ ಬಸುರಿ ಹೆಂಗಸು ಇದ್ದರೆ ನಾಳೆ ಬೆಳಿಗ್ಗೆ ಅವಳ ಮುಖವನ್ನು ಬೆಳಕಿನಲ್ಲಿ ಒಂದು ಸಲ ನೋಡಿ. ಮುಖ, ಕೈ ಊದಿದ್ದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ಹೊಟ್ಟೆ ನೋಯುತ್ತಿದ್ದರೆ, ಅದನ್ನು ಕೆಲಸದ ಮೇಲೆ, ಹೊಗೆಯ ಮೇಲೆ ಹಾಕಿ ಸುಮ್ಮನಾಗಬೇಡಿ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಊತವೇ ಇಲ್ಲದೆಯೂ ಬಿಪಿ ಏರಬಹುದು, ಅದಕ್ಕೇ ಬಸಿರಿನ ತಿಂಗಳುಗಳಲ್ಲಿ ಆಗಾಗ ನೋಡಿಸುತ್ತಿರಿ. ನಿಮ್ಮ ಊರಿಗೆ ಹೊರಗಿನಿಂದ ಸಹಾಯ ಬಂದಾಗ, ನೀವು ಹೋದ ಮೇಲೆ ಇದು ನಮ್ಮಲ್ಲಿ ಯಾರ ಕೈಯಲ್ಲಿ ಉಳಿಯುತ್ತದೆ ಎಂದು ಕೇಳಿ. ನಿಮ್ಮ ಬೀದಿಯ ಸಂಘಕ್ಕೆ ಸೇರಿ, ಲೆಕ್ಕ ಕೇಳಿ, ನಂಬಿಕೆಯನ್ನೂ ಕೊಡಿ. ಸಹಾಯ ಮಾಡುವ ಶಕ್ತಿಯಿರುವವರು ನೀವಾಗಿದ್ದರೆ, ಅಲ್ಲೇ ಹುಟ್ಟಿ ಅಲ್ಲೇ ಬದುಕುವವರ ಕೈ ಬಲಪಡಿಸಿ.

ಮನೆಯ ಕೆಲಸ ಯಾವತ್ತೂ ಮುಗಿಯುವುದಿಲ್ಲ. ಕೆಂಡ ನೋಡಿಕೊಳ್ಳಲು ಅಕ್ಕಪಕ್ಕದವರಿದ್ದಾರೆ. ನೀವು ಹೊರಡಿ.