ಹಳದಿ ತ್ರಿಕೋನ

ಕಂಪ್ಯೂಟರ್ ತೆರೆಯ ಮೂಲೆಯಲ್ಲಿ ಮತ್ತೆ ಅದೇ ಹಳದಿ ತ್ರಿಕೋನ. ಆಕೆ ಮೈದುನನಿಗೆ ಫೋನ್ ಮಾಡಿದಳು. ಗಂಡ ಹೋದಮೇಲೆ ಅವನ ರೆಕಾರ್ಡಿಂಗ್ ಸ್ಟುಡಿಯೋದ ಬಾಗಿಲು ತೆಗೆದದ್ದೇ ಅಪರೂಪ. ಧೂಳು ಹೊಡೆಯಲು ಬಂದವಳಿಗೆ ಈ ಪೀಕಲಾಟ.

"ಪಕ್ಕದಲ್ಲಿ ಏನಂತ ಬರ್ದಿದೆ ಅತ್ತಿಗೆ?"

"ಡಿಸ್ಕ್ ನಂಬರ್ ಒಂದು ಸಿಗ್ತಿಲ್ಲ ಅಂತಿದೆ. ಫೈಲೆಲ್ಲಾ ಕಾಣ್ತಿದ್ಯಲ್ಲೋ, ಮತ್ಯಾಕೆ ಹಳದಿ?"

"ಅಣ್ಣ ಎಲ್ಲಾನೂ ಎರಡೆರಡು ಡಿಸ್ಕಲ್ಲಿ ಇಡ್ತಿದ್ದ. ಹಸಿರು ಅಂದ್ರೆ ಎರಡೂ ಚೆನ್ನಾಗಿವೆ. ಕೆಂಪು ಅಂದ್ರೆ ಎಲ್ಲಾ ಮುಗೀತು. ಹಳದಿ ಅಂದ್ರೆ, ಜೋಡೀಲಿ ಒಂದು ಹೋಗಿದೆ, ಉಳಿದಿದ್ದು ಒಂದೇ ಹೇಗೋ ನಡೆಸ್ಕೊಂಡು ಹೋಗ್ತಿದೆ." ಹೇಳಿ ಮುಗಿಸಿದವನು ನಾಲಿಗೆ ಕಚ್ಚಿಕೊಂಡ.

ಡಿಸ್ಕಿನಲ್ಲಿದ್ದದ್ದು ಯಾರ್‍ಯಾರದೋ ಹಾಡು, ಜಾಹೀರಾತು. ಆಕೆಗೆ ಬೇಕಿದ್ದದ್ದು ಅವುಗಳ ಮೊದಲ ನಾಲ್ಕು ಮಾತು. ಮೈಕ್ ಸರಿಯಿದೆಯೇ ಎಂದು ಗಂಡ ಪ್ರತಿ ಸಲವೂ ಏನಾದರೂ ಒದರುತ್ತಿದ್ದ. ಅವನ ದನಿ ಈ ಲೋಕದಲ್ಲಿ ಬೇರೆಲ್ಲೂ ಉಳಿದಿರಲಿಲ್ಲ. ಊರವರನ್ನೆಲ್ಲ ಮುದ್ರಿಸಿಕೊಂಡ ಪುಣ್ಯಾತ್ಮ, ತನ್ನದೊಂದು ಹಾಡನ್ನೂ ಬಿಟ್ಟುಹೋಗಲಿಲ್ಲ.

"ಡ್ರಾಯರಲ್ಲಿ ಹೊಸ ಡಿಸ್ಕ್ ಇರ್ಬೇಕು ನೋಡಿ, ಅಣ್ಣ ಯಾವಾಗ್ಲೂ ಒಂದು ಎತ್ತಿಟ್ಟಿರ್ತಿದ್ದ. ಸತ್ತಿದ್ದನ್ನ ಎಳೆದು ಅದನ್ನ ಹಾಕಿ."

ಡಿಸ್ಕುಗಳಿದ್ದ ಪೆಟ್ಟಿಗೆಯ ಗೂಡುಗಳ ಮೇಲೆ ಗಂಡ ಒಂದು, ಎರಡು ಎಂದು ಚೀಟಿ ಅಂಟಿಸಿದ್ದ. ಆಕೆ ಒಂದನೆಯ ಗೂಡಿನದನ್ನು ಎಳೆದಳು. ತ್ರಿಕೋನ ಹೋಗಿ ಕೆಂಪು ಗುರುತು ಬಂತು.

"ಅಯ್ಯೋ, ಕೆಂಪಾಯ್ತು ಕಣೋ!"

"ಅದನ್ನೇ ವಾಪಸ್ ಹಾಕಿ, ಬೇಗ! ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತೆ, ಅಣ್ಣ ಒಂದರಿಂದ ಅಂಟಿಸಿದಾನೆ. ಅದರ ಒಂದು ಅಂದ್ರೆ ಅಣ್ಣನ ಎರಡು. ನಾನು ಮೊದ್ಲೇ ಹೇಳ್ಬೇಕಿತ್ತು, ಥೂ!"

ಅವಸರದಲ್ಲಿ ಡಿಸ್ಕು ಗೂಡಿಗೆ ಕೂರದು. ಕೊನೆಗೆ ಟಕ್ಕೆಂದಿತು. ಹಳದಿ ಮರಳಿದಾಗ ಆಕೆಗೆ ಹೋದ ಜೀವ ಬಂದಂತಾಯಿತು. ಎರಡನೆಯ ಗೂಡಿನ ಸತ್ತದ್ದನ್ನು ತೆಗೆದು ಹೊಸದನ್ನು ಹಾಕಿ, ಅವನು ಹೇಳಿದಲ್ಲೆಲ್ಲ ಒತ್ತಿದಳು. ನಕಲಾಗುತ್ತಿದೆ ಎಂದು ತೋರಿಸುವ ಗೆರೆ ಆಮೆಯ ಹಾಗೆ ಹೊರಟಿತು.

"ಸಂಜೆ ಆಗುತ್ತೆ ಅತ್ತಿಗೆ, ಆಮೇಲೆ ಹಸಿರು ಬರುತ್ತೆ. ಇಡ್ಲಾ?"

ನಾನು ಚೆನ್ನಾಗಿದೀನಿ, ಇಡು ಎಂದು ಇಷ್ಟು ದಿನ ಎಲ್ಲರಿಗೂ ಹೇಳಿ ರೂಢಿ. ಇವತ್ತು ಬಾಯಿ ಬರಲಿಲ್ಲ.

"ಒಂಚೂರು ಇರು. ಒಳಗೆ ಎಲ್ಲಾ ಸರಿಯಿದ್ಯಾ ನೋಡ್ಬೇಕು. ಒಬ್ಬಳೇ ಕೇಳಕ್ಕೆ ಭಯ ಕಣೋ, ಇಲ್ಲಿವರೆಗೂ ಒಂದನ್ನೂ ಹಾಕಿಲ್ಲ."

ಕೈಗೆ ಸಿಕ್ಕ ಫೈಲನ್ನು ಒತ್ತಿದಳು. ಯಾರೋ ಕುರ್ಚಿ ಎಳೆದ ಸದ್ದು, ಒಂದು ಕೆಮ್ಮು.

"ಹಲೋ... ಹಲೋ... ಕೇಳಿಸ್ತಾ ಇದ್ಯಾ?"

ಗಂಡನ ದನಿ ಕೋಣೆ ತುಂಬಿತು. ಫೋನಿನ ಆ ಕಡೆಯಿಂದ ಮೈದುನ ಮೆಲ್ಲಗೆ ಅಂದ:

"ಕೇಳಿಸ್ತಿದೆ ಅಣ್ಣ."

ಆಕೆ ಫೋನನ್ನು ಸ್ಪೀಕರಿನ ಪಕ್ಕಕ್ಕಿಟ್ಟು, ಮುಂದಿನ ಫೈಲನ್ನು ಒತ್ತಿದಳು.